ಯೂ ಅಂದ್ರೆ ನೀನಾ, ನೀವಾ?

ನಮ್ಮ ರೂಮಿನಲ್ಲಿ ನಾಲ್ಕು ಮಂಚ, ಎರಡು ಪ್ಲಗ್ ಪಾಯಿಂಟ್. ಫಸ್ಟ್ ಇಯರ್ ಪೂರ್ತಿ ಇದ್ದದ್ದು ನಾವು ಮೂರೇ ಜನ. ನಾಲ್ಕನೇ ಮಂಚ ಬಟ್ಟೆ ಹರಡಲಿಕ್ಕೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಸುಳ್ಯದಲ್ಲಿ ಬಟ್ಟೆ ಒಣಗುವುದಿಲ್ಲ, ವಾಸನೆ ಬದಲಾಗುತ್ತದೆ ಅಷ್ಟೇ. ಮೂರನೇ ಸೆಮ್ ಶುರುವಾದಾಗ ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಬಂದ ಒಬ್ಬಳಿಗೆ ಆ ಮಂಚ ಸಿಕ್ಕಿತು. ಗುತ್ತಿಗಾರು ಕಡೆಯವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಹೆಸರು ಹಾಕಬೇಡಿ ಅಂತ ಅವಳೇ ಹೇಳಿದ್ದಾಳೆ, ಹಾಗಾಗಿ ಇಲ್ಲಿ ಅವಳು ನಾಲ್ಕನೆಯವಳು. ನಮ್ಮ ಹೆಸರೂ ಬೇಡ. ಇಲ್ಲಿ ಹೇಳಿಕೊಳ್ಳುವ ವಿಷಯದಲ್ಲಿ ಮೂವರಿಗೂ ಪಾಲುಂಟು, ಒಬ್ಬಳಿಗೆ ಸ್ವಲ್ಪ ಜಾಸ್ತಿ.

ವಿಷಯ ಶುರುವಾದದ್ದು ಕೊರಿಯನ್ ವೆಬ್‌ಟೂನ್‌ನಿಂದ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಇದು ಫೋನಿನಲ್ಲಿ ಓದುವ ಕಾಮಿಕ್ಸ್. ಪುಟ ತಿರುಗಿಸುವ ಕೆಲಸ ಇಲ್ಲ, ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳುತ್ತಾ ಹೋಗುವುದು. ಕೊರಿಯಾದ ನೇವರ್ ಕಂಪನಿ 2004ರಲ್ಲೇ ಇದನ್ನು ಶುರು ಮಾಡಿತು, ಅಂದರೆ ನಾವು ಹುಟ್ಟುವ ಮೊದಲು. ಇದರಲ್ಲಿ ನಮಗೆ ಇಷ್ಟವಾಗುವುದು ಖಾಲಿ ಜಾಗ. ಹುಡುಗ ಏನೋ ಕೇಳುತ್ತಾನೆ. ಕೆಳಗೆ ಬರೀ ಬಿಳಿ. ತಳ್ಳುತ್ತೀರಿ, ಇನ್ನೂ ಬಿಳಿ. ಮತ್ತೆ ತಳ್ಳುತ್ತೀರಿ. ಆಮೇಲೆ ಹುಡುಗಿಯ ಕಣ್ಣು ಮಾತ್ರ ಕಾಣುತ್ತದೆ. ಅಚ್ಚಿನ ಪುಸ್ತಕದಲ್ಲಿ ಅಷ್ಟು ಕಾಗದ ಯಾರು ಖಾಲಿ ಬಿಡುತ್ತಾರೆ?

ಕಾಮಿಕ್ಸ್ ಓದುವುದು ನಮ್ಮ ಊರಿಗೆ ಹೊಸತೇನಲ್ಲ. ಅಮರ ಚಿತ್ರ ಕಥಾದ ಅನಂತ ಪೈ ಹುಟ್ಟಿದ್ದು ಕಾರ್ಕಳದಲ್ಲಿ, 1929ರಲ್ಲಿ. ನಮ್ಮಲ್ಲೊಬ್ಬಳ ಅಮ್ಮನ ಹತ್ತಿರ ಬಾಲಮಂಗಳದ ಒಂದು ಕಟ್ಟು ಇನ್ನೂ ಉಂಟು, ಅಟ್ಟದಲ್ಲಿ, ಅಡಿಕೆ ಗೋಣಿಗಳ ಹಿಂದೆ. ಡಿಂಗನ ಹೆಸರು ಹೇಳಿದರೆ ಆ ಅಮ್ಮನ ಮುಖ ಬೇರೆಯೇ ಆಗುತ್ತದೆ. ಆದರೆ ನಾವು ಅದನ್ನು ಓದಿದವರಲ್ಲ. ನಾವು ಓದಿದ ಶಾಲೆಯಲ್ಲಿ ಕನ್ನಡದಲ್ಲಿ ಮಾತಾಡಿದರೆ ಐದು ರೂಪಾಯಿ ಫೈನ್. ಈಗಲೂ ಕನ್ನಡದ ಬೋರ್ಡ್ ಓದುವಾಗ ನಮ್ಮ ತುಟಿ ಅಲ್ಲಾಡುತ್ತದೆ.

ಎಲ್ಲರ ಹಾಗೆ ನಾವೂ ಶುರು ಮಾಡಿದ್ದು 'ಟ್ರೂ ಬ್ಯೂಟಿ'ಯಿಂದ. ಯಾಂಗಿ ಬರೆದದ್ದು, 2018ರಲ್ಲಿ ಬರಲಿಕ್ಕೆ ಶುರುವಾಯಿತು. ಮೇಕಪ್ ಕಲಿತು ಶಾಲೆಗೇ ಸುಂದರಿ ಅನ್ನಿಸಿಕೊಳ್ಳುವ ಹುಡುಗಿಯ ಕಥೆ. ಅದರ ಕೊರಿಯನ್ ಹೆಸರಿನ ಅರ್ಥ ದೇವಿ ಇಳಿದು ಬರುವುದು ಅಂತ. ನಮ್ಮ ಕಡೆ ಹಾಗೆ ಹೆಸರಿಟ್ಟರೆ ಜನ ಹೂವು ಹಣ್ಣು ಹಿಡಿದುಕೊಂಡು ಬಂದಾರು. ಅದು ಮುಗಿದ ಮೇಲೆ ಹಿಡಿದದ್ದು 'ಚೀಸ್ ಇನ್ ದ ಟ್ರ್ಯಾಪ್'. ಸೂನ್‌ಕಿ ಅನ್ನುವ ಹೆಸರಿನಲ್ಲಿ ಬರೆಯುವವರದ್ದು, 2010ರಿಂದ 2017ರ ತನಕ ಬಂತು. 2016ರಲ್ಲಿ ಟಿವಿ ಡ್ರಾಮಾ ಕೂಡ ಆಯಿತು, ಆದರೆ ಕಾಮಿಕ್ಸೇ ಚಂದ. ಶಾಲೆಯ ಕಥೆಯಲ್ಲ, ಕಾಲೇಜಿನದ್ದು. ಹೊಂಗ್ ಸೊಲ್ ಅಂತ ಗುಂಗುರು ಕೂದಲಿನ ಹುಡುಗಿ. ಮನೆಯಲ್ಲಿ ದುಡ್ಡಿಲ್ಲ, ಸ್ಕಾಲರ್‌ಶಿಪ್ ನಂಬಿಕೊಂಡು ಓದುವವಳು. ಸೀನಿಯರ್ ಯೂ ಜಂಗ್ ಶ್ರೀಮಂತ, ಚಂದ, ಎಲ್ಲರಿಗೂ ಬೇಕಾದವನು. ಅವನ ನಗುವಿನ ಹಿಂದೆ ಬೇರೇನೋ ಉಂಟು ಅಂತ ಗೊತ್ತಾದದ್ದು ಇವಳೊಬ್ಬಳಿಗೆ. ಒಂದು ವರ್ಷ ಇವಳನ್ನು ಕಂಡರಾಗದ ಹಾಗೆ ಇದ್ದವನು ಇದ್ದಕ್ಕಿದ್ದ ಹಾಗೆ ಬಂದು ಒಟ್ಟಿಗೆ ಊಟ ಮಾಡೋಣ ಅನ್ನುತ್ತಾನೆ. ಇವಳಿಗೆ ಹೆದರಿಕೆ. ಲವ್ ಸ್ಟೋರಿಯಲ್ಲಿ ಹುಡುಗ ಊಟಕ್ಕೆ ಕರೆದರೆ ಹುಡುಗಿ ಹೆದರುವುದನ್ನು ನಾವು ಮೊದಲ ಸಲ ನೋಡಿದ್ದು.

ನಾವು ಮೂವರು ಒಂದೇ ಮಂಚದ ಮೇಲೆ ಒಂದೇ ಫೋನಿಗೆ ತಲೆ ಕೊಟ್ಟು ಓದಿ ನಗುತ್ತಿದ್ದೆವು. ಒಂದು ರಾತ್ರಿ ಕರೆಂಟ್ ಹೋಗಿತ್ತು. ಕತ್ತಲೆಯಿಂದ ನಾಲ್ಕನೆಯವಳು ಕೇಳಿದಳು, "ಎಂತ ಮಾರಾಯ್ತಿ ಅಷ್ಟು ನಗುವಂಥದ್ದು? ಜೋರಾಗಿ ಓದು, ನಾನೂ ಕೇಳ್ತೇನೆ." ಓದಿದೆವು, ಇಂಗ್ಲಿಷಿನಲ್ಲೇ. ಎರಡು ನಿಮಿಷ ಕಳೆದ ಮೇಲೆ, "ಇದನ್ನೇ ಕನ್ನಡದಲ್ಲಿ ಹೇಳಲಿಕ್ಕೆ ಆಗೋದಿಲ್ವಾ?" ಅಂದಳು.

ಆಗೋದಿಲ್ಲ ಅಂತ ನಮಗೆ ಗೊತ್ತಾದದ್ದು ಮೊದಲ ಸಾಲಿನಲ್ಲೇ. 'ಯೂ' ಅಂತ ಇತ್ತು. ಯೂ ಅಂದರೆ ನೀನಾ, ನೀವಾ? ಸೊಲ್ ಜಂಗ್‌ಗೆ ಹೇಳುವಾಗ ನೀವು, ಜಂಗ್ ಸೊಲ್‌ಗೆ ಹೇಳುವಾಗ ನೀನು ಅಂತ ನಾಲ್ಕನೆಯವಳೇ ತೀರ್ಮಾನ ಮಾಡಿದಳು, "ಸೀನಿಯರ್ ಅಲ್ವಾ" ಅಂತ. ಆಮೇಲೆ ಹುಡುಕಿ ನೋಡಿದರೆ ಕೊರಿಯನ್‌ನಲ್ಲಿ ನಿಜವಾಗಿ ಹಾಗೆಯೇ ಉಂಟು. ದೊಡ್ಡವರ ಹತ್ತಿರ ಆಡುವ ಮಾತು ಜೊಂಡೆನ್‌ಮಾಲ್, ಸಲಿಗೆಯ ಮಾತು ಬಾನ್‌ಮಾಲ್. ಹೊಸಬರು ಸಿಕ್ಕಿದರೆ ಮೊದಲು ವಯಸ್ಸು ಕೇಳುತ್ತಾರೆ, ಯಾವುದರಲ್ಲಿ ಮಾತಾಡಬೇಕು ಅಂತ ಗೊತ್ತಾಗಬೇಕಲ್ಲ. ಒಂದರಿಂದ ಇನ್ನೊಂದಕ್ಕೆ ಜಾರುವುದೇ ಅಲ್ಲಿ ಅರ್ಧ ಲವ್ ಸ್ಟೋರಿ. ಇಂಗ್ಲಿಷಿನಲ್ಲಿ ಇಷ್ಟು ದಿನ ಓದಿದ ನಮಗೆ ಆ ಅರ್ಧ ಕಥೆ ಕಂಡೇ ಇರಲಿಲ್ಲ.

ಅಲ್ಲಿಂದ ಒಂದು ನೂರು ಪೇಜಿನ ನೋಟ್‌ಬುಕ್ ಶುರುವಾಯಿತು. ಎಲ್ಲೂ ಹಾಕಲಿಕ್ಕಲ್ಲ, ನಮಗೇ. ದಿನಾ ರಾತ್ರಿ ಎರಡು ಮೂರು ಎಪಿಸೋಡ್. ನಾವು ಇಂಗ್ಲಿಷ್ ಹೇಳುವುದು, ಅವಳು ಕನ್ನಡ ಬರೆಯುವುದು. ಆ ಕಂಪನಿಯ ಆ್ಯಪ್‌ನಲ್ಲಿ ಥಾಯ್ ಉಂಟು, ಇಂಡೊನೇಷ್ಯನ್ ಉಂಟು, ಕನ್ನಡ ಇಲ್ಲ. ಇದ್ದರೆ ಕನ್ನಡ ಚೆನ್ನಾಗಿ ಕೂರುತ್ತಿತ್ತು ಅಂತ ನಮಗೀಗ ಧೈರ್ಯವಾಗಿ ಅನ್ನಿಸುತ್ತದೆ. ಕೊರಿಯನ್‌ನಲ್ಲೂ ಕನ್ನಡದ ಹಾಗೆ ಕ್ರಿಯಾಪದ ಕೊನೆಗೆ ಬರುವುದು. "ನಾನು ನಿನ್ನನ್ನು" ಅಂತ ಒಂದು ಗುಳ್ಳೆ, ಆಮೇಲೆ ಉದ್ದಕ್ಕೆ ಬಿಳಿ ಜಾಗ, ಕೊನೆಗೆ "ನಂಬುವುದಿಲ್ಲ" ಅಂತ ಇನ್ನೊಂದು. ಇಂಗ್ಲಿಷಿನಲ್ಲಿ ಮೇಲಿನ ಗುಳ್ಳೆಯಲ್ಲೇ ಗುಟ್ಟು ಬಿಟ್ಟುಕೊಟ್ಟ ಹಾಗಾಗುತ್ತದೆ.

ಆದರೆ ಕಷ್ಟಗಳೂ ಇದ್ದವು. ಜಂಗ್‌ನನ್ನು ಸೊಲ್ ಕರೆಯುವುದು 'ಸನ್‌ಬೆ' ಅಂತ, ಅಂದರೆ ಸೀನಿಯರ್. ಬೇರೆ ಕಥೆಗಳಲ್ಲಿ 'ಓಪ್ಪಾ' ಬರುತ್ತದೆ. ಹುಡುಗಿ ಅಣ್ಣನಿಗೂ ಓಪ್ಪಾ ಅನ್ನುತ್ತಾಳೆ, ಪ್ರೀತಿಸುವವನಿಗೂ ಓಪ್ಪಾ ಅನ್ನುತ್ತಾಳೆ. ಇದನ್ನು ಅಣ್ಣ ಅಂತ ಬರೆದರೆ ಕಥೆ ಅಲ್ಲಿಗೇ ಖತಂ. ರಾಖಿ ಕಟ್ಟಿ ಮನೆಗೆ ಕಳಿಸಬೇಕು. "ಭಾವ ಅಂತ ಹಾಕು" ಅಂದಳು ನಾಲ್ಕನೆಯವಳು. ನಾವು ನಕ್ಕು ನಕ್ಕು ಮಂಚದಿಂದ ಬಿದ್ದೆವು. ಆದರೆ ನಿಜವಾಗಿಯೂ ಸರಿಯಾಗಿತ್ತು. ನಮ್ಮ ಕಡೆ ಮದುವೆ ಮನೆಗಳಲ್ಲಿ ಭಾವ ಅನ್ನುವ ಒಂದು ಶಬ್ದದಲ್ಲಿ ಎಷ್ಟು ಮರ್ಯಾದೆ, ಎಷ್ಟು ತಮಾಷೆ, ಎಷ್ಟು ಬೇರೆ ಏನೇನೋ ಸೇರುತ್ತದೆ ಅಂತ ಈ ಊರಿನವರಿಗೆ ಹೇಳಬೇಕಾಗಿಲ್ಲ. 'ಐ ಲೈಕ್ ಯೂ' ಬಂದಾಗ ನಮ್ಮ ಹತ್ತಿರ ಇದ್ದದ್ದು ಸಿನಿಮಾ ಹಾಡಿನ ಕನ್ನಡ ಮಾತ್ರ. ಅವಳು "ಇಷ್ಟ ಉಂಟು" ಅಂತ ಬರೆದು ಮುಂದೆ ಹೋದಳು. ಫಸ್ಟ್ ಇಯರ್‌ನಲ್ಲಿ ಸಾಂಸ್ಕೃತಿಕ ಕನ್ನಡ ಪೇಪರ್ ಪಾಸಾದವರು ನಾವು. ಈ ಎರಡು ಶಬ್ದ ನಮಗೆ ಹೊಳೆದಿರಲಿಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು. ನಾಲ್ಕನೆಯವಳ ಮನೆಮಾತು ಅರೆಭಾಷೆ. ಅಮ್ಮನ ಹತ್ತಿರ ಫೋನಿನಲ್ಲಿ ಮಾತಾಡುವಾಗ ಗೊತ್ತಿಲ್ಲ ಅನ್ನುವಲ್ಲಿ ಗೊತ್ತಿಲ್ಲೆ, ಉಂಟು ಅನ್ನುವಲ್ಲಿ ಉಟ್ಟು. ಅವಳು ಬಂದ ಮೊದಲ ವಾರದಲ್ಲಿ ನಾವು ಅದನ್ನು ಅಣಕಿಸಿದ್ದೆವು. ಅವಳ ಎದುರಲ್ಲೇ, ತಮಾಷೆಗೆ ಅಂತ. ಅರೆಭಾಷೆಗೆ ಸರ್ಕಾರದ ಒಂದು ಅಕಾಡೆಮಿಯೇ ಉಂಟು, 2011ರಲ್ಲಿ ಆದದ್ದು, ಮಡಿಕೇರಿಯಲ್ಲಿ. ಅದೆಲ್ಲ ನಮಗೆ ಗೊತ್ತಿರಲಿಲ್ಲ ಅಂತ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ನಮ್ಮ ಮೂವರಲ್ಲಿ ಒಬ್ಬಳ ಮನೆಮಾತೂ ಅದೇ. ಅವಳೂ ನಕ್ಕಿದ್ದಳು, ಎಲ್ಲರಿಗಿಂತ ಜೋರಾಗಿ.

ಅಕ್ಟೋಬರ್‌ನಲ್ಲಿ ನಾವು ಟೀಮ್ ಪ್ರಾಜೆಕ್ಟ್ ಎಪಿಸೋಡಿಗೆ ಬಂದೆವು. ಓದಿದವರಿಗೆ ಗೊತ್ತಿರುತ್ತದೆ. ಸೊಲ್‌ಗೆ ಸಿಕ್ಕ ಟೀಮಿನಲ್ಲಿ ಯಾರೂ ಕೆಲಸ ಮಾಡುವುದಿಲ್ಲ. ಒಬ್ಬೊಬ್ಬರದ್ದು ಒಂದೊಂದು ನೆವ. ಇವಳು ರಾತ್ರಿಯೆಲ್ಲ ಕೂತು ಎಲ್ಲರ ಪಾಲನ್ನೂ ಮಾಡುತ್ತಾಳೆ, ಕೊನೆಗೆ ಗ್ರೇಡ್ ಕೆಟ್ಟದ್ದು ಬರುತ್ತದೆ. ಆ ರಾತ್ರಿ ನಾವು ಆ ಟೀಮಿನವರಿಗೆ ಹಾಕಿದ ಬೈಗುಳ ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ. ನಾಲ್ಕನೆಯವಳು ನೋಟ್‌ಬುಕ್ಕಿನಲ್ಲಿ ಅವರ ಮಾತನ್ನು ಬರೆಯುವಾಗ ಪೆನ್ಸಿಲ್ ಮುರಿಯಿತು.

ಮುಂದಿನ ತಿಂಗಳು ಇಂಟರ್ನಲ್ಸ್‌ಗೆ ನಮ್ಮದೇ ಒಂದು ಸಣ್ಣ ಪ್ರಾಜೆಕ್ಟ್ ಇತ್ತು. ನಾಲ್ಕು ಜನದ ಗ್ರೂಪ್. ಅಡಿಕೆ ಸಸಿಯ ತೊಟ್ಟೆಯಲ್ಲಿ ಮಣ್ಣಿನ ಪಸೆ ನೋಡಿ ತಾನೇ ನೀರು ಬಿಡುವ ಸರ್ಕ್ಯೂಟ್. ಒಂದು ಆರ್ಡುಯಿನೊ, ಒಂದು ಮಾಯಿಶ್ಚರ್ ಸೆನ್ಸರ್, ರಿಲೇ, ಸಣ್ಣ ಪಂಪ್. ಐಡಿಯಾ ಅವಳದ್ದು. ಬೆಸುಗೆ ಹಾಕಿದ್ದು ಅವಳು. ನಮ್ಮಲ್ಲಿ ಒಬ್ಬಳಿಗೂ ಸೋಲ್ಡರಿಂಗ್ ಐರನ್ ಸರಿ ಹಿಡಿಯಲಿಕ್ಕೆ ಬರುವುದಿಲ್ಲ, ಡಿಪ್ಲೊಮಾದವರಿಗೆ ಅದು ಅನ್ನ ಉಂಡಷ್ಟೇ ಸಲೀಸು. ನಾವು ಮಾಡಿದ್ದು ಪಿಪಿಟಿ, ಅದರಲ್ಲೂ ಎರಡು ದಿನ ಹೋದದ್ದು ಬಣ್ಣ ಆರಿಸಲಿಕ್ಕೆ. ಮೂರು ದಿನವಾಗುವಾಗ ಸೆನ್ಸರ್ ರೀಡಿಂಗ್ ಹುಚ್ಚುಹುಚ್ಚಾಗಿ ಹಾರಲಿಕ್ಕೆ ಶುರುವಾಯಿತು. ಒದ್ದೆ ಮಣ್ಣಲ್ಲಿ ಹುಗಿದ ಕಡ್ಡಿಗೆ ಇಡೀ ದಿನ ಕರೆಂಟ್ ಹೋಗುತ್ತಿದ್ದರೆ ಅದರ ಲೋಹ ತಿಂದುಹೋಗುತ್ತದೆ ಅಂತ ಕಂಡುಹಿಡಿದದ್ದು ಅವಳು. ರೀಡಿಂಗ್ ತೆಗೆಯುವ ಹೊತ್ತಿಗೆ ಮಾತ್ರ ಕರೆಂಟ್ ಕೊಟ್ಟರೆ ಸಾಕು ಅಂತ ವಯರನ್ನು ಬೇರೆ ಪಿನ್ನಿಗೆ ಹಾಕಿ, ಕೋಡಿನಲ್ಲಿ ನಾಲ್ಕು ಸಾಲು ಬದಲಾಯಿಸಿದಳು. ನಾವು ಆಗ ಪಕ್ಕದಲ್ಲಿ ಎಪಿಸೋಡ್ ಓದುತ್ತಿದ್ದೆವು.

ಪ್ರೆಸೆಂಟೇಶನ್ ಇಂಗ್ಲಿಷಿನಲ್ಲಿ. ಮಾತಾಡಿದ್ದು ನಾವು ಮೂವರು. ಅವಳು ಸರ್ಕ್ಯೂಟ್ ಹಿಡಿದುಕೊಂಡು ಬದಿಯಲ್ಲಿ ನಿಂತಿದ್ದಳು. ಕೊನೆಗೆ ಅವಳಿಗೇ ಒಂದು ಪ್ರಶ್ನೆ ಬಂತು, ಇಂಗ್ಲಿಷಿನಲ್ಲಿ: ಕಡ್ಡಿ ಯಾಕೆ ಹಾಳಾಗುತ್ತದೆ, ನೀವು ಏನು ಮಾಡಿದಿರಿ? ಜಗತ್ತಿನಲ್ಲಿ ಆ ಪ್ರಶ್ನೆಗೆ ಅವಳಷ್ಟು ಚೆನ್ನಾಗಿ ಉತ್ತರ ಗೊತ್ತಿದ್ದವರು ಆ ರೂಮಿನಲ್ಲಂತೂ ಇರಲಿಲ್ಲ. "ಸರ್, ಅದು ಕರೆಂಟ್ ಯಾವಾಗ್ಲೂ..." ಅಂತ ಶುರು ಮಾಡಿ ನಿಲ್ಲಿಸಿದಳು. ಇಂಗ್ಲಿಷ್ ಶಬ್ದ ಹುಡುಕುತ್ತಿದ್ದಳು ಅಂತ ಮುಖದಲ್ಲೇ ಕಾಣುತ್ತಿತ್ತು. ಐದು ಸೆಕೆಂಡ್ ಆಗಿರಬಹುದು. ನಮ್ಮಲ್ಲೊಬ್ಬಳು ಬಾಯಿ ಹಾಕಿ "ಎಲೆಕ್ಟ್ರಾಲಿಸಿಸ್, ಸರ್" ಅಂದು, ಉಳಿದದ್ದನ್ನೂ ಪಟಪಟ ಹೇಳಿಬಿಟ್ಟಳು. ಗುಡ್ ಅಂದರು. ಮಾರ್ಕ್ಸ್ ಬಂದಾಗ ನಮ್ಮ ಮೂವರಿಗಿಂತ ಅವಳಿಗೆ ನಾಲ್ಕು ಕಡಿಮೆ.

ಆ ರಾತ್ರಿ ಮೆಸ್ಸಿಗೆ ಹೋಗುವಾಗ ಅವಳನ್ನು ಕರೆದೆವು. "ನೀವು ಹೋಗಿ" ಅಂದಳು. ನಾವು ಮೂರು ಜನ ಅಲ್ವಾ, ನೀವು ಅನ್ನಲೇಬೇಕು. ಹಾಗಾಗಿ ನಮಗೆ ಏನೂ ಅನ್ನಿಸಲಿಲ್ಲ. ಮರುದಿನ ಬೆಳಿಗ್ಗೆ ನಮ್ಮಲ್ಲಿ ಒಬ್ಬಳೇ ಬಾತ್‌ರೂಮ್ ಹತ್ತಿರ ನಿಂತಿದ್ದಾಗ ಕೇಳಿದಳು, "ಈ ಬಕೆಟ್ ನಿಮ್ಮದಾ?" ಮಧ್ಯಾಹ್ನ ಇನ್ನೊಬ್ಬಳಿಗೆ, "ಸ್ವಲ್ಪ ಜಾಗ ಬಿಡಿ." ಸಂಜೆ ನಾವು ಮೂವರು ಒಂದೆಡೆ ಸೇರಿದಾಗ ಲೆಕ್ಕ ಸಿಕ್ಕಿತು. ಅವಳು ಜಗಳ ಮಾಡಿರಲಿಲ್ಲ, ಮಾತು ಬಿಟ್ಟಿರಲಿಲ್ಲ, ಮುಖ ಊದಿಸಿಕೊಂಡಿರಲಿಲ್ಲ. ನೀನು ಅನ್ನುವುದನ್ನು ಮಾತ್ರ ವಾಪಸ್ ತೆಗೆದುಕೊಂಡಿದ್ದಳು. ಇಂಗ್ಲಿಷಿನಲ್ಲಿ ಆಗಿದ್ದರೆ ವಾರಗಟ್ಟಲೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ನೋಟ್‌ಬುಕ್ ಕಿಟಕಿಯ ಮೇಲೆ ಹಾಗೇ ಬಿದ್ದಿತ್ತು. ಆ ಟೀಮ್ ಪ್ರಾಜೆಕ್ಟಿನ ಪುಟ ನಮಗೆ ತೆರೆಯಲಿಕ್ಕೆ ಆಗಲಿಲ್ಲ.

ಪ್ರಾಜೆಕ್ಟ್ ಗೈಡ್ ಹತ್ತಿರ ಹೋಗಿ ಯಾರು ಏನು ಮಾಡಿದ್ದು ಅಂತ ಹೇಳಿದೆವು. ಅದನ್ನು ದೊಡ್ಡದಾಗಿ ಬರೆಯುವ ಅಗತ್ಯ ಇಲ್ಲ. ಅವರು ಅವಳನ್ನು ಕರೆದು, ಕನ್ನಡದಲ್ಲೇ ಹೇಳು ಅಂತ ಕೂರಿಸಿ ಕೇಳಿದರು. ಮಾರ್ಕ್ಸ್ ಸರಿಯಾಯಿತು. ನಾವು ಅಷ್ಟಕ್ಕೆ ಎಲ್ಲ ಸರಿಯಾಯಿತು ಅಂದುಕೊಂಡೆವು. ಮಾರನೇ ದಿನವೂ "ಲೈಟ್ ಆಫ್ ಮಾಡಿ."

ಕ್ಷಮೆ ಕೇಳಬೇಕು ಅಂತ ಇತ್ತು, ಯಾವ ಭಾಷೆಯಲ್ಲಿ ಅಂತ ಗೊತ್ತಾಗಲಿಲ್ಲ. ಸಾರಿ ಅನ್ನುವುದು ಕಾಲು ತುಳಿದರೂ ಹೇಳುವ ಮಾತು. 'ಕ್ಷಮಿಸಿ' ಅಂದರೆ ಸ್ಟೇಜ್ ಮೇಲೆ ಮೈಕ್ ಕೆಟ್ಟಾಗ ಹೇಳಿದ ಹಾಗಾಗುತ್ತದೆ. ಎರಡು ದಿನ ಇದೇ ಚರ್ಚೆ. ಕೊನೆಗೆ ಒಂದು ರಾತ್ರಿ ನಮ್ಮಲ್ಲಿ ಆ ಒಬ್ಬಳು, ಮನೆಯಲ್ಲಿ ಅರೆಭಾಷೆ ಆಡುವವಳು, ನಾಲ್ಕನೇ ಮಂಚದ ತುದಿಯಲ್ಲಿ ಕೂತು ಅರೆಭಾಷೆಯಲ್ಲೇ ಮಾತಾಡಿದಳು. ಹಾಸ್ಟೆಲಿಗೆ ಬಂದು ಒಂದೂವರೆ ವರ್ಷದಲ್ಲಿ ಮೊದಲ ಸಲ. ಉಳಿದವರಿಗೆ ಅರ್ಧ ಅರ್ಥವಾಯಿತು, ಅರ್ಧ ಇಲ್ಲ. ಅವಳ ದನಿಯೇ ಬೇರೆ ಇತ್ತು, ಮನೆಯ ಜಗಲಿಯಲ್ಲಿ ಕೂತವಳ ಹಾಗೆ.

ನಾಲ್ಕನೆಯವಳು ತುಂಬಾ ಹೊತ್ತು ಸುಮ್ಮನೆ ಕೂತಳು. ಆಮೇಲೆ ನಮಗೆಲ್ಲರಿಗೂ ಅರ್ಥವಾಗುವ ಕನ್ನಡದಲ್ಲಿ ಹೇಳಿದಳು: "ಪ್ರಾಜೆಕ್ಟಿಂದು ಹೋಗ್ಲಿ. ಇವರಿಬ್ಬರಿಗೆ ಗೊತ್ತಿರಲಿಲ್ಲ, ನಕ್ಕರು. ನಿಮಗೆ ಗೊತ್ತಿತ್ತಲ್ಲ."

ಈಗ ನಾಲ್ಕನೇ ಸೆಮ್. ನೋಟ್‌ಬುಕ್ ಮತ್ತೆ ಶುರುವಾಗಿದೆ, ಎರಡನೆಯದ್ದು. ಸೊಲ್ ಈಗಲೂ ಜಂಗ್‌ಗೆ ನೀವು ಅನ್ನುತ್ತಾಳೆ, ಯಾವಾಗ ಬದಲಾಯಿಸುವುದು ಅಂತ ನಮ್ಮಲ್ಲಿ ದಿನಾ ವಾದ. ಮೆಸ್ಸಿಗೆ ನಾಲ್ವರೂ ಒಟ್ಟಿಗೆ ಹೋಗುತ್ತೇವೆ. ನಾಲ್ಕನೆಯವಳು ನಮ್ಮಲ್ಲಿ ಇಬ್ಬರಿಗೆ "ಏ, ಬಾ" ಅನ್ನುತ್ತಾಳೆ. ಆ ಒಬ್ಬಳಿಗೆ ಇನ್ನೂ "ಬನ್ನಿ". ಯಾರು ಆ ಒಬ್ಬಳು ಅಂತ ನಾವು ಬರೆಯುವುದಿಲ್ಲ. ಅವಳೂ ನಾಲ್ಕನೆಯವಳ ಹತ್ತಿರ ಈಗ ಅರೆಭಾಷೆಯಲ್ಲೇ ಮಾತಾಡುತ್ತಾಳೆ, ಉತ್ತರ ಕನ್ನಡದಲ್ಲಿ ಬರುತ್ತದೆ. ನಿನ್ನೆ ರಾತ್ರಿ ಎರಡೂ ಪ್ಲಗ್ ಪಾಯಿಂಟ್‌ನಲ್ಲಿ ಫೋನ್ ಇತ್ತು. "ಚಾರ್ಜರ್ ಒಮ್ಮೆ ಕೊಡಿ" ಅಂದಳು ನಾಲ್ಕನೆಯವಳು. ಆ ಒಬ್ಬಳು ತನ್ನದು ಹದಿನೆಂಟು ಪರ್ಸೆಂಟ್ ಇದ್ದಾಗಲೇ ತೆಗೆದು ಕೊಟ್ಟಳು.