ಮಲಗಿ ನೋಡಿದ ಹಾದಿ, ನಿಂತು ನೋಡಿದ ಬೆಟ್ಟ

ನಂಜನಗೂಡು ದಾಟಿದ ಮೇಲೆ ಗುಂಡ್ಲುಪೇಟೆಯ ಹಾದಿಯನ್ನು ನಾನು ಕಂಡದ್ದೆಲ್ಲ ಕೆಳಗಿನಿಂದ. ಕಾರಿನ ಮುಂದಿನ ಸೀಟನ್ನು ಆದಷ್ಟೂ ಹಿಂದಕ್ಕೆ ಬಾಗಿಸಿ, ಬಲಮಗ್ಗುಲಿಗೆ ಹೊರಳಿ, ತಲೆಯಡಿ ಶಾಲು ಮಡಿಚಿಟ್ಟುಕೊಂಡರೆ ಕಿಟಕಿಯ ಮೇಲರ್ಧ ಮಾತ್ರ ಕಣ್ಣಿಗೆ ಸಿಗುತ್ತದೆ. ಹುಣಸೆಮರಗಳ ನೆತ್ತಿ ಬರುತ್ತದೆ, ಹೋಗುತ್ತದೆ. ಆಲದ ಕೊಂಬೆಯ ತಳಭಾಗ, ಅದಕ್ಕೆ ಯಾರೋ ಮೊಳೆ ಹೊಡೆದು ಜಡಿದ ಟ್ಯೂಷನ್ ಕ್ಲಾಸಿನ ತಗಡು. ಕರೆಂಟಿನ ತಂತಿಗಳು ಜೋಲುತ್ತ ಹತ್ತಿರ ಬಂದು ಕಂಬದ ಬಳಿ ಮತ್ತೆ ಮೇಲೇರುತ್ತವೆ. ಊರು ಬಂತೆಂದು ಗೊತ್ತಾಗುವುದು ನೀರಿನ ಟ್ಯಾಂಕು ಕಂಡಾಗ, ಊರು ಮುಗಿಯಿತೆಂದು ಗೊತ್ತಾಗುವುದು ತೆಂಗಿನ ಗರಿಗಳು ಮರಳಿದಾಗ. ಬೇಗೂರು ಬರುವಷ್ಟರಲ್ಲಿ ನೀಲಗಿರಿ ಕಡೆಯ ಮೋಡಗಳು ಕಿಟಕಿಯನ್ನು ಪೂರ್ತಿ ತುಂಬಿಕೊಂಡಿದ್ದವು. ಕೂತು ಹೋಗುವವರಿಗೆ ಎದುರಿನ ಲಾರಿಯ ಬೆನ್ನು ಬಿಟ್ಟು ಇನ್ನೇನು ಕಾಣುತ್ತದೆ ಹೇಳಿ? ಡ್ರೈವ್ ಮಾಡುತ್ತಿದ್ದ ನಮ್ಮವರು ಮಾತ್ರ ಇದನ್ನು ಒಪ್ಪುವುದಿಲ್ಲ.

ಕೂರಲಾಗದ ಹೆಂಗಸಿನ ಪ್ರವಾಸ ಇದು. ಬೆನ್ನುಮೂಳೆಯ ಬುಡದಲ್ಲಿ ಐದು ಕಶೇರುಗಳು ಬೆಸೆದುಕೊಂಡು ಒಂದೇ ಆದ ತ್ರಿಕೋನಾಕಾರದ ಎಲುಬಿದೆ. ಪುಸ್ತಕದಲ್ಲಿ ತ್ರಿಕಾಸ್ಥಿ, ಡಾಕ್ಟರರ ಬಾಯಲ್ಲಿ ಸೇಕ್ರಮ್. ಅದರೊಳಗಿಂದ ಹೊರಡುವ ನರಬೇರುಗಳ ಮೇಲೆ ನನಗೆ ಎರಡು ನೀರುಗುಳ್ಳೆಗಳಿವೆ, ಎಸ್-2ರ ಮೇಲೊಂದು, ಎಸ್-3ರ ಮೇಲೊಂದು. ಟಾರ್ಲೋವ್ ಸಿಸ್ಟ್ ಎಂದು ಹೆಸರು. ಸ್ವಲ್ಪ ಹೊತ್ತು ಕೂತರೆ ಉರಿ ಶುರುವಾಗುತ್ತದೆ. ಕೆಮ್ಮಿದರೆ, ಸೀನಿದರೆ ಎಡಗಡೆ ಪೃಷ್ಠದಿಂದ ಹಿಮ್ಮಡಿಯವರೆಗೆ ಝಳ್ಳೆನ್ನುತ್ತದೆ. ಮಲಗಿದರೆ ಮೆಲ್ಲಗೆ ಇಳಿಯುತ್ತದೆ. ಮದುವೆಮನೆಯಲ್ಲಿ ಊಟದ ಪಂಕ್ತಿಗೆ ಬೆನ್ನು ಹಾಕಿ ಕಂಬಕ್ಕೊರಗಿ ನಿಂತವಳನ್ನು ಕಂಡು ಕೊಬ್ಬು ಅಂದುಕೊಂಡ ನೆಂಟರಿದ್ದಾರೆ. ಇರಲಿ.

ಐಸಡೋರ್ ಟಾರ್ಲೋವ್ ಅಮೆರಿಕದ ನರಶಸ್ತ್ರಜ್ಞ. ಮಾಂಟ್ರಿಯಲ್‌ನ ನರವಿಜ್ಞಾನ ಸಂಸ್ಥೆಯಲ್ಲಿ, ಸತ್ತವರ ಬೆನ್ನುಹುರಿಯ ತುದಿಯನ್ನು ಬಿಡಿಸಿ ನೋಡುತ್ತಿದ್ದಾಗ ಈ ಗುಳ್ಳೆಗಳು ಕಣ್ಣಿಗೆ ಬಿದ್ದು, 1938ರಲ್ಲಿ ಬರೆದಿಟ್ಟ. ಹುಡುಕುತ್ತಿದ್ದದ್ದು ಬೇರೇನನ್ನೋ, ಸಿಕ್ಕಿದ್ದು ಇದು. ಮೊದಲು ಇವುಗಳಿಂದ ತೊಂದರೆಯಿದ್ದೀತು ಎಂದು ಯಾರಿಗೂ ಅನ್ನಿಸಲಿಲ್ಲ. ಸಯಾಟಿಕಾ ನೋವಿಗೆ ಇವೂ ಒಂದು ಕಾರಣವಾಗಬಹುದು, ತೆಗೆದರೆ ನೋವು ಹೋಗಬಹುದು ಎಂದು 1948ರಲ್ಲಿ ಅವನೇ ಬರೆದ. ಆಗ ಹೊತ್ತಿದ ಜಗಳ ಇವತ್ತಿಗೂ ಆರಿಲ್ಲ. ನನ್ನ ಎಂಆರ್‌ಐ ರಿಪೋರ್ಟು ನೋಡಿದ ಡಾಕ್ಟರೊಬ್ಬರು ಆ ಸಾಲಿನ ಮೇಲೆ ಬೆರಳಿಟ್ಟು, "ಇದನ್ನ ಮರೆತುಬಿಡಿ, ಎಷ್ಟೋ ಜನಕ್ಕೆ ಇರುತ್ತೆ" ಎಂದರು. ಇನ್ನೊಬ್ಬರು ಅದೇ ಸಾಲಿನ ಕೆಳಗೆ ಎರಡು ಗೆರೆ ಎಳೆದರು. ವಿಚಿತ್ರವೆಂದರೆ ಇಬ್ಬರೂ ಹೇಳಿದ್ದರಲ್ಲಿ ಸತ್ಯವಿದೆ. ಸುಮ್ಮನೆ ನೂರು ಜನರ ಬೆನ್ನಿನ ಎಂಆರ್‌ಐ ತೆಗೆದರೆ ಕೆಲವರಲ್ಲಿ ಈ ಗುಳ್ಳೆಗಳು ಸಿಕ್ಕೇ ಸಿಗುತ್ತವೆ, ಹೆಂಗಸರಲ್ಲಿ ಹೆಚ್ಚು. ಅವರಲ್ಲಿ ಬಹುಪಾಲಿಗೆ ಅದು ಇರುವ ಸುದ್ದಿಯೇ ಗೊತ್ತಿರುವುದಿಲ್ಲ. ನೋಯುವುದು ಬೆರಳೆಣಿಕೆಯ ಮಂದಿಗೆ.

ನನ್ನನ್ನು ಬೆರಗಾಗಿಸಿದ್ದು ನೋವಲ್ಲ, ಆ ಚಿತ್ರ. ಎಂಆರ್‌ಐನ ಒಂದು ಬಗೆಯ ಚಿತ್ರದಲ್ಲಿ ನೀರೆಲ್ಲ ಬೆಳ್ಳಗೆ ಕಾಣುತ್ತದೆ. ಕಪ್ಪು ಫಿಲ್ಮನ್ನು ಬೆಳಕಿಗೆ ಹಿಡಿದಾಗ ಮಿದುಳಿನಿಂದ ಸೊಂಟದವರೆಗೆ ಒಂದು ಬಿಳಿಯ ಹೊಳೆ ಇಳಿದುಬಂದು, ತ್ರಿಕಾಸ್ಥಿಯೊಳಗೆ ಎರಡು ಪುಟ್ಟ ಮಡುಗಳಾಗಿ ನಿಂತಿತ್ತು. ಮಿದುಳು, ಬೆನ್ನುಹುರಿಗಳನ್ನು ಸುತ್ತುವರಿದ ಈ ದ್ರವ ದೊಡ್ಡವರ ಮೈಯಲ್ಲಿ ಒಂದು ಹೊತ್ತಿಗೆ ಇರುವುದು ಸುಮಾರು 150 ಮಿಲಿಲೀಟರು. ಆದರೆ ಮಿದುಳಿನೊಳಗಿನ ಕುಹರಗಳಲ್ಲಿ ದಿನಕ್ಕೆ ಅರ್ಧ ಲೀಟರಿನಷ್ಟು ಹೊಸದಾಗಿ ಜಿನುಗುತ್ತದೆ, ಅಷ್ಟೇ ರಕ್ತಕ್ಕೆ ಮರಳುತ್ತದೆ. ಬೆಳಗಿನಿಂದ ಬೆಳಗಿನೊಳಗೆ ಮೂರು ಬಾರಿ ಬದಲಾಗುವ ನೀರು! ಅದೂ ಸುಮ್ಮನೆ ನಿಂತ ನೀರಲ್ಲ, ಹೃದಯ ಬಡಿದಾಗಲೆಲ್ಲ ಮಿಡಿಯುವ ನೀರು. ಆ ಮಿಡಿತದಲ್ಲಿ ನರಬೇರಿನ ಪೊರೆಗಳ ನಡುವೆ ನುಗ್ಗಿದ್ದು ಬಂದಷ್ಟು ಸಲೀಸಾಗಿ ಹೊರಗೆ ಹೋಗುವುದಿಲ್ಲ. ಕೆರೆಗೆ ನೀರು ಬಿಟ್ಟುಕೊಂಡು ಹೊರಕ್ಕೆ ಬಿಡದ ತೂಬಿನ ಹಾಗೆ ಒಂದು ಕಿಂಡಿ ಇರುತ್ತದೆಂದು ಹಲವರ ತರ್ಕ. ನಿಂತರೆ, ಕೂತರೆ, ಮುಕ್ಕಿದರೆ ಒತ್ತಡ ಏರುತ್ತದೆ, ಮಲಗಿದರೆ ಇಳಿಯುತ್ತದೆ. ಗುಳ್ಳೆಯನ್ನು ಕೆತ್ತಿ ಎಸೆಯಬಾರದೇ ಎಂದರೆ, ನರದ ಎಳೆಗಳು ಅದರ ಗೋಡೆಯಲ್ಲೇ, ಕೆಲವೊಮ್ಮೆ ಒಡಲಿನಲ್ಲೇ ಹಾದುಹೋಗಿರುತ್ತವೆ. ಎಸ್-2, ಎಸ್-3 ನರಗಳೆಂದರೆ ಮೂತ್ರ, ಮಲ ಎರಡರ ಹಿಡಿತವೂ ಅವುಗಳ ಕೈಯಲ್ಲಿ.

ಗುಂಡ್ಲುಪೇಟೆಗೆ ಇನ್ನೂ ಸ್ವಲ್ಪ ದೂರವಿರುವಾಗ ಕಾರು ನಿಂತಿತು. "ಏಳು, ಇದನ್ನ ನೀನು ಎದ್ದೇ ನೋಡ್ಬೇಕು" ಎಂದರು. ಎದ್ದೆ. ರಸ್ತೆಯ ಎರಡೂ ಕಡೆ ಚೆಂಡುಹೂವು. ಮುಂಗಾರಿನಲ್ಲಿ ಈ ತಾಲ್ಲೂಕಿನ ಹೊಲಗಳು ಹೀಗಾಗುತ್ತವೆಂದು ಕೇಳಿದ್ದೆ, ಆದರೆ ಕಿತ್ತಳೆ ಬಣ್ಣ ದಿಗಂತದವರೆಗೆ ಏರಿ, ಅಲ್ಲಿ ಮೋಡದ ಬೂದು ಅಂಚಿಗೆ ತಾಗಿ ನಿಲ್ಲುತ್ತದೆಂದು ಯಾರೂ ಹೇಳಿರಲಿಲ್ಲ. ಆಚೆ ಬದಿಯಲ್ಲಿ ಸೂರ್ಯಕಾಂತಿ. ಕೇರಳದ ನಂಬರಿನ ಕಾರುಗಳು ಸಾಲಾಗಿ ನಿಂತಿದ್ದವು. ಬಿಳಿ ಪಂಚೆ ಉಟ್ಟ ಗಂಡಸರು ಹೂವಿನ ನಡುವೆ ಮಕ್ಕಳನ್ನು ಎತ್ತಿ ಹಿಡಿದಿದ್ದರು, ಬದುವಿನ ಮೇಲೆ ಕೂತ ಹುಡುಗನೊಬ್ಬ ಫೋಟೋಗೆ ಕಾಸು ವಸೂಲಿ ಮಾಡುತ್ತಿದ್ದ. ಈ ಹೂವಿನಲ್ಲಿ ದೊಡ್ಡ ಪಾಲು ದೇವರ ಮುಡಿಗೆ ಹೋಗುವುದಿಲ್ಲ. ಕಂಪನಿಗಳ ಜೊತೆ ಕರಾರು ಮಾಡಿಕೊಂಡು ಬೆಳೆದದ್ದು, ಬಣ್ಣ ತೆಗೆಯುವ ಕಾರ್ಖಾನೆ ಸೇರುತ್ತದೆ. ಕೋಳಿಯ ಮೇವಿಗೆ ಬೆರೆಸಿ ಮೊಟ್ಟೆಯ ಭಂಡಾರವನ್ನು ಇನ್ನಷ್ಟು ಹಳದಿ ಮಾಡುವುದೂ ಇದೇ ಬಣ್ಣ.

ಹೂ ಕೊಯ್ಯುವ ಹೆಂಗಸರು ಸೊಂಟ ಬಗ್ಗಿಸಿದವರು ಎತ್ತುತ್ತಲೇ ಇರಲಿಲ್ಲ. ಮಡಿಲು ತುಂಬಿದಾಗ ಮಾತ್ರ ನೆಟ್ಟಗಾಗಿ, ಎರಡೂ ಕೈಯನ್ನು ಹಿಂದಕ್ಕಿಟ್ಟು, ಹೆಬ್ಬೆರಳಿನಿಂದ ಸೊಂಟವನ್ನೊಮ್ಮೆ ಅದುಮಿಕೊಂಡು ಮತ್ತೆ ಬಗ್ಗುವುದು. ಅವರ ಅಂಗೈಯೆಲ್ಲ ಕಪ್ಪು ಹಸಿರು. ಚೆಂಡುಹೂವಿನ ಕಡ್ಡಿಯ ಕರೆ ಸೋಪಿಗೂ ಜಗ್ಗುವುದಿಲ್ಲವಂತೆ. ನಾನೂ ಅದೇ ಜಾಗಕ್ಕೆ ಹೆಬ್ಬೆರಳೊತ್ತಿ ನಿಂತದ್ದನ್ನು ಕಂಡ ಅಜ್ಜಿಯೊಬ್ಬಳು ಬದುವಿಗೆ ಬಂದಳು.

"ಯಾಕವ್ವ, ಸೊಂಟ ಹಿಡ್ದದಾ?"

"ಹೂಂ ಅಜ್ಜಿ. ಕೂತ್ಕೊಳಕ್ಕಾಗಲ್ಲ."

"ನಂಗೆ ಕುಂತ್ರೆ ಏಳಕ್ಕಾಗದಿಲ್ಲ. ಅದ್ಕೇ ಕುಂತ್ಕಳದೇ ಇಲ್ಲ" ಎಂದು ನಕ್ಕಳು. ಡಾಕ್ಟರಿಗೆ ತೋರಿಸಿದ್ದೀರಾ ಎಂದರೆ, ಪೇಟೆಯ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿಸಿಕೊಂಡ ಕತೆ ಹೇಳಿದಳು. ಚಾಮರಾಜನಗರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಶುರುವಾದದ್ದು 2016ರಲ್ಲಿ. ಅದಕ್ಕೆ ಮೊದಲು ಈ ಕಡೆಯವರಿಗೆ ದೊಡ್ಡಾಸ್ಪತ್ರೆ ಎಂದರೆ ಮೈಸೂರು. ಅಜ್ಜಿಯ ತ್ರಿಕಾಸ್ಥಿಯೊಳಗೆ ಏನಿದೆಯೋ, ಚಿತ್ರ ತೆಗೆದವರಿಲ್ಲ. ಸವೆದ ಡಿಸ್ಕೇ ಇದ್ದೀತು. ಸೊಂಟನೋವಿನ ನೂರು ಮಂದಿಯಲ್ಲಿ ನೀರುಗುಳ್ಳೆ ಹುಡುಕುವುದು ಕಡೆಯ ಕೆಲಸ, ಆ ಮಾತನ್ನು ಒಪ್ಪಲೇಬೇಕು. ಗುಳ್ಳೆ ಕಂಡ ಮಾತ್ರಕ್ಕೆ ನೋವು ಅದರದ್ದೇ ಎನ್ನುವಂತೆಯೂ ಇಲ್ಲ. ನನ್ನ ಡಾಕ್ಟರರು ಡಿಸ್ಕು, ಕೀಲು, ಗರ್ಭಕೋಶ ಎಲ್ಲವನ್ನೂ ಒಂದೊಂದಾಗಿ ಪಟ್ಟಿಯಿಂದ ತೆಗೆದ ಮೇಲೆಯೇ ಗುಳ್ಳೆಯ ಕಡೆ ಬೊಟ್ಟು ಮಾಡಿದ್ದು. ಅಜ್ಜಿ ನನ್ನ ಕೈಗೆ ಒಂದು ಬೊಗಸೆ ಹೂವು ಸುರಿದಳು. ಹುಡುಗನಿಗೆ ಕಾಸು ಕೊಡಲು ಹೋದರೆ, "ಬ್ಯಾಡ ಕನಾ, ನಮ್ಮವ್ರೇ" ಎಂದಳು.

ಊಟಿ ರಸ್ತೆಯಲ್ಲಿ ಹಂಗಳದ ಬಳಿ ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ, 1454 ಮೀಟರು. ಕಾಡು ಬಂಡೀಪುರದ್ದು. 1931ರಲ್ಲಿ ಮೈಸೂರು ಮಹಾರಾಜರು ಇಲ್ಲಿ ಮೊದಲ ಮೃಗಧಾಮ ಮಾಡಿದರು, ಮುಂದೆ ಅದನ್ನು ಈ ದೇವರ ಹೆಸರನ್ನೇ ಇಟ್ಟು ವೇಣುಗೋಪಾಲ ಎಂದು ಕರೆದರು. ಹುಲಿಯ ಹೆಸರಿನಲ್ಲಿ ಲೋಕಪ್ರಸಿದ್ಧವಾದದ್ದು 1973ರ ನಂತರ. ತಪ್ಪಲಿನಲ್ಲಿ ನಮ್ಮ ಕಾರನ್ನು ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ ಹತ್ತಬೇಕು. ಎಲ್ಲರೂ ಸೀಟಿಗೆ ನುಗ್ಗುವಾಗ ನಾನು ಆರಾಮವಾಗಿ ಕೊನೆಗೆ ಹತ್ತಿದೆ. ಒಬ್ಬ ಯುವಕ ಎದ್ದು ಜಾಗ ಬಿಟ್ಟ, ಬೇಡವೆಂದೆ, ಅವನಿಗೆ ಬೇಜಾರಾಯಿತು. ಎರಡು ಕಂಬಿ ಹಿಡಿದು, ಮಂಡಿ ಸಡಿಲ ಬಿಟ್ಟು, ತಿರುವಿನ ಜೊತೆ ಮೈಯನ್ನು ಹರಿಯಬಿಟ್ಟರೆ ಕುಲುಕಾಟ ಸೊಂಟಕ್ಕೆ ಮುಟ್ಟುವ ಮೊದಲೇ ಕಾಲಿನಲ್ಲಿ ಕರಗುತ್ತದೆ. ಫಿಸಿಯೋಥೆರಪಿಯ ಹುಡುಗಿ ಕಲಿಸಿದ ವಿದ್ಯೆ. ಅರ್ಧ ದಾರಿಯಲ್ಲಿ ಡ್ರೈವರು ಇಂಜಿನ್ ಆಫ್ ಮಾಡಿದ. ಎಡಗಡೆ ಇಳಿಜಾರಿನಲ್ಲಿ ಆನೆಗಳು. ಒಂದು ಮರಿ, ಮೂರು ದೊಡ್ಡವು, ಹುಲ್ಲು ಕಿತ್ತು ಮುಂಗಾಲಿಗೆ ಬಡಿದು ಮಣ್ಣು ಉದುರಿಸಿ ಬಾಯಿಗಿಡುತ್ತಿದ್ದವು. ಸೀಟಿನಲ್ಲಿದ್ದವರೆಲ್ಲ ಕಿಟಕಿಗೆ ಮುಗಿಬಿದ್ದು ಒಬ್ಬರ ತಲೆ ಒಬ್ಬರಿಗೆ ಅಡ್ಡವಾಯಿತು. ನಿಂತವಳಿಗೆ ಎಲ್ಲವೂ ಕಂಡಿತು. ಕಾಡಾನೆ ದಿನಕ್ಕೆ ಎರಡು ಗಂಟೆಯಷ್ಟೇ ನಿದ್ದೆ ಮಾಡುತ್ತದಂತೆ, ಅದೂ ಬಹುಪಾಲು ನಿಂತೇ. ನನಗೆ ಅಸೂಯೆಯಾಯಿತು.

ಬೆಟ್ಟದ ನೆತ್ತಿಯಲ್ಲಿ ಮಂಜು ಗುಡಿಯ ಪ್ರಾಕಾರದೊಳಗೇ ಓಡಾಡುತ್ತಿತ್ತು. ಗುಡಿ ಹೊಯ್ಸಳರ ಮುಮ್ಮಡಿ ವೀರಬಲ್ಲಾಳನ ಕಾಲದ್ದು, 1315ರ ಸುಮಾರಿನದು ಎನ್ನುತ್ತಾರೆ. ಹಂಸತೀರ್ಥದಲ್ಲಿ ಕಾಗೆ ಮುಳುಗಿ ಹಂಸವಾಯಿತಂತೆ, ಅಂದಿನಿಂದ ಇಲ್ಲಿ ಕಾಗೆಗಳೇ ಇಲ್ಲವಂತೆ. ಹುಡುಕಿದೆ, ನನಗೂ ಒಂದೂ ಕಾಣಲಿಲ್ಲ. ಒಳಗೆ ಗೋಪಾಲಸ್ವಾಮಿ ಮರದಡಿ ಕೊಳಲೂದುತ್ತ ನಿಂತಿದ್ದಾನೆ. ಸೊಂಟ ಒಂದು ಕಡೆಗೆ ಬಳುಕಿ, ಒಂದು ಕಾಲು ಇನ್ನೊಂದರ ಮುಂದೆ. ಜನ ಮುಖ ನೋಡಿ ಕೈಮುಗಿಯುವಾಗ ನನ್ನ ಕಣ್ಣು ಆ ಸೊಂಟದಲ್ಲೇ ನೆಟ್ಟಿತ್ತು. ಏಳುನೂರು ವರ್ಷ ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಂತು ನಗುವುದೆಂದರೆ! ಗರ್ಭಗುಡಿಯ ಬಾಗಿಲಿನ ಮೇಲಿನಿಂದ ತಣ್ಣೀರು ಹನಿಯುತ್ತದೆ, ವರ್ಷವಿಡೀ. ಅರ್ಚಕರು ಅದನ್ನು ಒರೆಸಿ ನಮ್ಮ ತಲೆಗೆ ಚಿಮುಕಿಸಿದರು. ಕಲ್ಲಿನ ತಂಪಿಗೆ ಮಂಜು ನೀರಾಗುತ್ತದೆಂದು ನಮ್ಮವರು ಕಿವಿಯಲ್ಲಿ ವಿಜ್ಞಾನ ಹೇಳಿದರು. ಇರಬಹುದು. ನನ್ನ ತಲೆಬುರುಡೆಯೊಳಗೂ ಆ ಹೊತ್ತಿನಲ್ಲಿ ಹನಿಹನಿಯಾಗಿ ಜಿನುಗುತ್ತಿದ್ದ ನೀರಿಗೆ ಕಾರಣ ಗೊತ್ತಿದೆ. ಗೊತ್ತಿದ್ದರಿಂದ ಬೆರಗು ಕಮ್ಮಿಯಾಗಿಲ್ಲ.

ಗುಡಿಯ ಹಿಂದೆ ಹುಲ್ಲುಗಾವಲಿನ ಅಂಚಿನಲ್ಲಿ ಶಾಲು ಹಾಸಿ ಮಲಗಿದೆ. ಪಕ್ಕದಲ್ಲಿ ಚಿತ್ರಾನ್ನ ತಿನ್ನುತ್ತಿದ್ದ ಮೈಸೂರಿನ ಕುಟುಂಬದ ಗೃಹಿಣಿ ವಿಷಯ ಕೇಳಿ, ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದರು: "ಮುಂದೆ ಏನಾಗತ್ತೆ?"

ನಾನೂ ಇದನ್ನೇ ಕೇಳಿಕೊಂಡು ಬಾಗಿಲಿಂದ ಬಾಗಿಲಿಗೆ ಅಲೆದವಳು. ಸಿಕ್ಕಿದ ಉತ್ತರ ಇಷ್ಟು. ಇದು ಕ್ಯಾನ್ಸರಲ್ಲ, ಆಯಸ್ಸಿಗೆ ಕುತ್ತಲ್ಲ. ಹೆಚ್ಚಿನ ಗುಳ್ಳೆಗಳು ವರ್ಷಗಟ್ಟಲೆ ಇದ್ದ ಗಾತ್ರದಲ್ಲೇ ಇರುತ್ತವೆ. ಕೆಲವು ನಿಧಾನಕ್ಕೆ ಹಿಗ್ಗಿ ಸುತ್ತಲಿನ ಎಲುಬನ್ನು ತೆಳ್ಳಗೆ ಸವೆಸುವುದೂ ಉಂಟು. ನೋವಿಗೆ ಗ್ಯಾಬಪೆಂಟಿನ್, ಪ್ರೆಗಾಬಲಿನ್‌ನಂಥ ನರದ ಮಾತ್ರೆಗಳು. ನನಗೆ ಅವು ಉರಿಯನ್ನೂ ಇಳಿಸಿದವು, ಮಧ್ಯಾಹ್ನದ ಎಚ್ಚರವನ್ನೂ. ಸಿಟಿ ಸ್ಕ್ಯಾನಿನಲ್ಲಿ ನೋಡುತ್ತ ಸೂಜಿಯಿಂದ ನೀರು ಹೀರಿದರೆ ಹಗುರಾಗುತ್ತದೆ, ಆದರೆ ಬರೀ ಹೀರಿದರೆ ಮತ್ತೆ ತುಂಬಿಕೊಳ್ಳುವುದೇ ಹೆಚ್ಚು. ಅದಕ್ಕೇ ಕೆಲವೆಡೆ ಫೈಬ್ರಿನ್ ಅಂಟು ತುಂಬುತ್ತಾರೆ. ಶಸ್ತ್ರಚಿಕಿತ್ಸೆಯಲ್ಲಿ ತ್ರಿಕಾಸ್ಥಿಯ ಮೇಲ್ಚಾವಣಿ ತೆರೆದು ಗುಳ್ಳೆಗೆ ಕಿಂಡಿ ಕೊರೆದು ಗೋಡೆಯನ್ನು ಮಡಿಚಿ ಹೊಲಿಯುತ್ತಾರೆ. ಆರಿಸಿ ಮಾಡಿದವರಲ್ಲಿ ಹಲವರಿಗೆ ಒಳ್ಳೆಯದಾಗಿದೆ. ನೀರು ಸೋರುವ, ನರಕ್ಕೆ ಪೆಟ್ಟಾಗುವ ಅಪಾಯವೂ ಇದೆ. ಬಹುಕಾಲ ಒತ್ತಡ ತಿಂದ ನರ ಪೂರ್ತಿ ಚೇತರಿಸಿಕೊಳ್ಳುತ್ತದೆಂಬ ಖಾತರಿ ಯಾರೂ ಕೊಡುವುದಿಲ್ಲ. ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದೆ ಹೋದರೆ, ತೊಡೆಸಂದಿನ ಸುತ್ತ ಜೋಮು ಹಿಡಿದರೆ, ಪಾದ ಎತ್ತಲಾಗದಿದ್ದರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಅವು ಇಲ್ಲದವರೆಗೆ ಕಾದು ನೋಡುವುದೂ ಒಂದು ಚಿಕಿತ್ಸೆಯೇ. ನಾನು ಕಾಯುವವರ ಸಾಲಿನಲ್ಲಿದ್ದೇನೆ. ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ನಿಂತು ಕೆಲಸ ಮಾಡುತ್ತೇನೆ, ಬಿಂದಿಗೆ ಎತ್ತುವುದಿಲ್ಲ, ಮಲಬದ್ಧತೆಗೆ ಅವಕಾಶ ಕೊಡುವುದಿಲ್ಲ, ಸಿನಿಮಾಕ್ಕೆ ಹೋದರೆ ಹಿಂದಿನ ಗೋಡೆಗೆ ಒರಗಿ ನೋಡುತ್ತೇನೆ. ಸೊಂಟ ಉರಿಯುವ ದಿನ ಸಿಟ್ಟೂ ಬರುತ್ತದೆ, ಅದಕ್ಕೆ ಯಾವ ಮಾತ್ರೆಯೂ ಇಲ್ಲ.

"ಅಂದ್ರೆ ವಾಸಿ ಆಗಲ್ಲ?" ಎಂದರು ಆಕೆ, ತುತ್ತು ಕೈಯಲ್ಲೇ ಹಿಡಿದು.

"ಹೋಗದೆಯೂ ಇರಬಹುದು. ಬೆಳೆಯದೆಯೂ ಇರಬಹುದು" ಎಂದೆ. ಆಕೆಗೆ ಸಮಾಧಾನವಾಗಲಿಲ್ಲ. ತಿನ್ನಿ ಎಂದು ಮಲಗಿದ್ದವಳ ಮುಂದೆ ಒಂದು ಎಲೆ ಚಿತ್ರಾನ್ನ ಇಟ್ಟರು. ಮಲಗಿ ತಿನ್ನಬಾರದೆಂದು ಅವರ ಅತ್ತೆ ಗದರಿದರು. ಎದ್ದು ನಿಂತು ತಿಂದೆ.

ಕೊನೆಯ ಬಸ್ಸಿನ ಹಾರ್ನ್ ಕೇಳಿತು. ಬಂಡೀಪುರದ ಹೆದ್ದಾರಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಮುಚ್ಚುತ್ತದೆ, 2009ರಿಂದ ಹೀಗೆ. ನಾವು ಮೈಸೂರು ಕಡೆಗೆ ಹೊರಟವರಾದ್ದರಿಂದ ಆ ಗೇಟು ನಮಗೆ ಅಡ್ಡವಿರಲಿಲ್ಲ. ಆದರೂ ತಪ್ಪಲಿನಲ್ಲಿ ಕಾರಿನ ಸೀಟನ್ನು ಬಾಗಿಸುತ್ತಿದ್ದ ನಮ್ಮವರನ್ನು ತಡೆದು, ಬರುವ ತಿಂಗಳು ಊಟಿಗೆ ಹೋಗೋಣವೇ ಎಂದು ಕೇಳಿದೆ. ಮೂವತ್ತಾರು ಹೇರ್‌ಪಿನ್ ತಿರುವಿನ ಕಲ್ಲಟ್ಟಿ ಘಾಟಿಯಲ್ಲಿ ಮಲಗಿಕೊಂಡು ಹೋದರೆ ವಾಂತಿಯಾಗುತ್ತದೆ, ಕೂತರೆ ಉರಿಯಾಗುತ್ತದೆ ಎಂದು ಅವರು ಲೆಕ್ಕ ಹಾಕತೊಡಗಿದರು. ಗೂಡಲೂರಿನ ದಾರಿಯಲ್ಲಿ ಬಸ್ಸಿನಲ್ಲಿ ಹೋಗೋಣ, ನಿಂತು, ಎಂದೆ.