ಓಡುವ ಗೆರೆ

ತುಮಕೂರಿನಿಂದ ಮಧುಗಿರಿಯತ್ತ ಹೊರಟ ಬಸ್ಸು ಕೊರಟಗೆರೆ ಸಮೀಪಿಸಿದಂತೆ ಕಿಟಕಿಯಾಚೆಯ ಬೆಟ್ಟಗುಡ್ಡಗಳು ಜಾಗ ಬದಲಿಸತೊಡಗುತ್ತವೆ. ಈಗ ಮುಂದಿದ್ದದ್ದು ತಿರುವು ದಾಟಿದೊಡನೆ ಹಿಂದೆ! ಫುಟ್‌ಬಾಲಿನ ಆಫ್‌ಸೈಡ್ ತಕರಾರಿನ ಮೂಲವೂ ಇದೇ: ನೋಡುವವರು ನಿಂತ ಜಾಗ.

ಈ ಸೀಮೆಯ ಮಕ್ಕಳಿಗೆ ಕಬಡ್ಡಿಯ ಸುಣ್ಣದ ಗೆರೆ ಚೆನ್ನಾಗಿ ಗೊತ್ತು. ಆಫ್‌ಸೈಡ್ ಗೆರೆಯನ್ನು ಮಾತ್ರ ಯಾರೂ ಎಳೆದಿರುವುದಿಲ್ಲ. ಅದು ಆಟಗಾರರೊಡನೆ ಓಡುತ್ತದೆ. ಜೊತೆಗಾರ ಚೆಂಡನ್ನು ಒದ್ದ ಕ್ಷಣದಲ್ಲಿ, ಎದುರಾಳಿಯ ಅರ್ಧ ಅಂಕಣದಲ್ಲಿರುವವನು ಚೆಂಡಿಗಿಂತಲೂ, ಗೋಲ್‌ಕೀಪರೂ ಸೇರಿದಂತೆ ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವನಿಗಿಂತಲೂ ಗೋಲಿಗೆ ಹತ್ತಿರವಿದ್ದರೆ ಅದು ಆಫ್‌ಸೈಡ್ ಸ್ಥಾನ. 1925ರವರೆಗೆ ಕೊನೆಯಿಂದ ಮೂರನೆಯವನು ಲೆಕ್ಕ. 1990ರಿಂದ ಎರಡನೆಯವನಿಗೆ ಸಮನಾಗಿ ನಿಂತರೂ ತಪ್ಪಿಲ್ಲ. ಅಲ್ಲಿ ಸುಮ್ಮನೆ ನಿಂತವನಿಗೆ ಶಿಕ್ಷೆಯೂ ಇಲ್ಲ; ಆಟಕ್ಕಿಳಿದರೆ, ಎದುರಾಳಿಗೆ ಅಡ್ಡಿಯಾದರೆ ಮಾತ್ರ ಸೀಟಿ.

ಗೋಲಿನ ಹಿಂದೆ ನಿಂತು ಕೂಗುವ ಅಪ್ಪಂದಿರಿಗೆ ಇದು ಕಾಣುವುದು ಕಷ್ಟ. ಅದಕ್ಕೇ ಬಾವುಟ ಹಿಡಿದ ಸಹಾಯಕ ರೆಫರಿ ಆ ಎರಡನೆಯವನ ನೇರಕ್ಕೇ ಅಂಚುಗೆರೆಗುಂಟ ಓಡುತ್ತಾನೆ. ಒದೆತ ಒಂದೆಡೆ, ಸಾಲು ಇನ್ನೊಂದೆಡೆ. ಎರಡನ್ನೂ ಒಂದೇ ಕ್ಷಣದಲ್ಲಿ ಹಿಡಿಯಬೇಕು. 2018ರ ವಿಶ್ವಕಪ್‌ನಲ್ಲಿ ಅದಕ್ಕೆ ವಿಡಿಯೊ ನೆರವು ಬಂತು. ಶಾಲಾ ಮೈದಾನದಲ್ಲಿ ಬಾವುಟ ಹಿಡಿದವನು ಹುಡುಗನೇ ಆಗಿದ್ದರೆ, ಬೈಯುವ ಮುನ್ನ ಅವನ ನೇರಕ್ಕೆ ಹೋಗಿ ನಿಂತು ನೋಡುವುದು ವಾಸಿ. ಅಂದಹಾಗೆ ಥ್ರೋ-ಇನ್, ಗೋಲ್ ಕಿಕ್, ಕಾರ್ನರ್‌ಗಳಿಂದ ನೇರವಾಗಿ ಬಂದ ಚೆಂಡಿಗೆ ಈ ಗೊಡವೆಯೇ ಇಲ್ಲ.