ಬರೆಯದೆ ಬಿಟ್ಟ ಒಂದು ಮರಿ

ಶನಿವಾರವೂ ಬೆಳಗ್ಗೆ ಐದಕ್ಕೆ ಏಳ್ತೀನಿ ಅಂದರೆ ಆಫೀಸಿನ ಗೆಳೆಯರು ನಗುತ್ತಾರೆ. ಊರಿಂದ ಅಮ್ಮ ಮೊದಲು ಕೇಳಿದ್ದು, "ಅದಕ್ಕೆ ದುಡ್ಡು ಕೊಡ್ತಾರೇನೋ?" ಇಲ್ಲ. ಕುರ್ಚಿ, ಟೋಪಿ, ಫ್ಲಾಸ್ಕಿನ ಕಾಫಿ ಎಲ್ಲ ನಮ್ಮದೇ. ಲಾಸ್ ಏಂಜಲೀಸ್ ಹತ್ತಿರದ ಪಾಯಿಂಟ್ ವಿಸೆಂಟೆ ಅನ್ನೋ ಕಡಿದಾದ ದಂಡೆಯ ಮೇಲೆ ಕೂತು, ಹಾದುಹೋಗುವ ಬೂದು ತಿಮಿಂಗಿಲಗಳನ್ನು ಎಣಿಸಬೇಕು. ಕೆಲಸ ಇಷ್ಟೇ.

ಡಿಸೆಂಬರ್ 1ರಿಂದ ಮೇ ಕೊನೆಯವರೆಗೆ, ದಿನಾ ಬೆಳಕು ಹರಿದಾಗಿನಿಂದ ಕತ್ತಲಾಗುವ ತನಕ ಸ್ವಯಂಸೇವಕರು ಪಾಳಿ ಹಾಕಿಕೊಂಡು ಎಣಿಸುತ್ತಾರೆ. 1980ರ ದಶಕದಿಂದ ನಡೆದುಬಂದ ಕೆಲಸ ಇದು. ಈ ತಿಮಿಂಗಿಲಗಳು ಬೇಸಿಗೆಯಲ್ಲಿ ಅಲಾಸ್ಕಾ ಆಚೆಯ ಆರ್ಕ್ಟಿಕ್ ಕಡಲಲ್ಲಿ ಮೇಯುತ್ತವೆ. ಚಳಿಗಾಲಕ್ಕೆ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದ ಬೆಚ್ಚಗಿನ ಹಿನ್ನೀರಿಗೆ ಬಂದು ಮರಿ ಹಾಕುತ್ತವೆ. ಹೋಗಿಬರುವ ದಾರಿ 16,000 ಕಿಲೋಮೀಟರಿಗೂ ಹೆಚ್ಚು. "ಬಾಣಂತನಕ್ಕೆ ತವರಿಗೆ ಬಂದ ಹಾಗೆ" ಅಂದೆ. ಅಮ್ಮನಿಗೆ ತಕ್ಷಣ ಅರ್ಥವಾಯಿತು.

ನಿಜ ಹೇಳಬೇಕೆಂದರೆ, ಹೆಚ್ಚು ಹೊತ್ತು ಕಾಣೋದು ಬರೀ ನೀರು. ಬೈನಾಕ್ಯುಲರ್ ಎಡದಿಂದ ಬಲಕ್ಕೆ, ಮತ್ತೆ ಬಲದಿಂದ ಎಡಕ್ಕೆ. ಗಾಳಿ ಎದ್ದರೆ ಪ್ರತಿ ಅಲೆಯ ನೊರೆಯೂ ತಿಮಿಂಗಿಲದ ಉಸಿರಿನಂತೆ ಮೋಸ ಮಾಡುತ್ತದೆ. ನಿಜವಾದದ್ದು ಹೃದಯದ ಆಕಾರದಲ್ಲಿ ಚಿಮ್ಮುತ್ತದೆ. ಹಿಂದೆಯೇ ಬೆನ್ನು ಕಾಣುತ್ತದೆ. ಅದರ ಮೇಲೆ ರೆಕ್ಕೆಯಿಲ್ಲ, ಗೆಣ್ಣುಗಳ ಸಾಲು ಮಾತ್ರ. ಮೂರೋ ನಾಲ್ಕೋ ಸಲ ಉಸಿರು ಬಿಟ್ಟು ಮುಳುಗಿದರೆ ಮತ್ತೆ ಕೆಲವು ನಿಮಿಷ ಕಾಯಬೇಕು. ಸಮಯ, ದಿಕ್ಕು, ಎಷ್ಟು ಅಂತ ಬರೆಯಬೇಕು. ಏನೂ ಬರದಿದ್ದರೆ ಸೊನ್ನೆ. ಮಂಜು ಕವಿದರೆ ಸೊನ್ನೆಯಲ್ಲ, 'ಕಾಣಲಿಲ್ಲ'. ಡೇಟಾಬೇಸಿನಲ್ಲಿ ಸೊನ್ನೆ ಬೇರೆ, ಖಾಲಿ ಬೇರೆ ಅಂತ ಆಫೀಸಿನಲ್ಲಿ ಜೂನಿಯರ್‌ಗಳಿಗೆ ಪಾಠ ಮಾಡುವವನು ನಾನು. ಅದರ ಬೆಲೆ ಗೊತ್ತಾಗಿದ್ದು ಇಲ್ಲಿ ಕೂತ ಮೇಲೆ.

2025ರ ಏಪ್ರಿಲ್‌ನ ಒಂದು ಬೆಳಗ್ಗೆ. ತಾಯಿ-ಮರಿ ಜೋಡಿಗಳು ಎಲ್ಲಕ್ಕಿಂತ ಕೊನೆಗೆ, ದಂಡೆಗೆ ಅಂಟಿಕೊಂಡ ಹಾಗೆ ಉತ್ತರಕ್ಕೆ ಹೋಗುವ ಕಾಲ ಅದು. ಓರ್ಕಾಗಳು ಮರಿಗಳಿಗಾಗಿ ಹೊಂಚು ಹಾಕುತ್ತವಲ್ಲ! ನಾನಿನ್ನೂ ಒಂದೂ ಮರಿ ನೋಡಿರಲಿಲ್ಲ. ಹತ್ತಿರದಲ್ಲೇ ಒಂದು ದೊಡ್ಡ ಉಸಿರು ಎದ್ದಿತು. ಅದರ ಮಗ್ಗುಲಲ್ಲೇ ಗಿಡ್ಡದೊಂದು. "ಮರಿ!" ಅಂತ ಕೂಗಿಬಿಟ್ಟೆ. ಉಳಿದವರು ತಿರುಗುವಷ್ಟರಲ್ಲಿ ಮುಳುಗಿತ್ತು. ಮತ್ತೆ ಎದ್ದಾಗ ಎಲ್ಲರಿಗೂ ಕಂಡದ್ದು ಒಂದೇ ಬೆನ್ನು. ಆಮೇಲೆ ಮಂಜು.

ಪುಸ್ತಕ ನನ್ನ ತೊಡೆಯ ಮೇಲಿತ್ತು. ಪಕ್ಕದಲ್ಲಿ ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕಿ. ಎಷ್ಟೋ ಚಳಿಗಾಲ ಇಲ್ಲಿ ಕೂತವರು. "ಖಂಡಿತಾನಾ?" ಅಂದರು. ಹೂಂ ಅನ್ನಲು ಬಾಯಿ ತೆರೆದೆ. ಆ ವರ್ಷ ಮರಿಗಳೇ ಕಮ್ಮಿ ಅಂತ ಎಲ್ಲರ ಮುಖದಲ್ಲೂ ಚಿಂತೆ. ಒಂದು ಸೇರಿಸಿದರೆ ಯಾರಿಗೆ ನಷ್ಟ? ಆದರೆ ಆ ಗಿಡ್ಡ ಉಸಿರು ಗಾಳಿಗೆ ಎದ್ದ ನೊರೆಯೂ ಆಗಿರಬಹುದಿತ್ತು. "ಖಂಡಿತ ಅನ್ನಲಾರೆ" ಅಂದೆ. "ಹಾಗಾದರೆ ಒಂದು ಅಂತಲೇ ಬರಿ. ನಮಗೆ ಬೇಕಾದ್ದನ್ನೆಲ್ಲ ಬರೆದರೆ ಕಮ್ಮಿಯಾಗಿದ್ದು ಯಾರಿಗೂ ಗೊತ್ತಾಗೋದೇ ಇಲ್ಲ" ಅಂದರು.

ಬರೆದೆ. 'ತಿಮಿಂಗಿಲ 1, ಮರಿ 0.'

ಆಮೇಲೆ ಸರ್ಕಾರಿ ವಿಜ್ಞಾನಿಗಳ ಬೇರೆ ಲೆಕ್ಕವೂ ಬಂತು. ಆ ವರ್ಷ ಮಧ್ಯ ಕ್ಯಾಲಿಫೋರ್ನಿಯಾ ದಾಟಿದ ಮರಿಗಳು ಅಂದಾಜು 85. 1994ರಲ್ಲಿ ಎಣಿಕೆ ಶುರುವಾದ ಮೇಲೆ ಅತಿ ಕಮ್ಮಿ. 2016ರಲ್ಲಿ ಸುಮಾರು 27,000 ಇದ್ದ ಬೂದು ತಿಮಿಂಗಿಲಗಳು 2025ರಲ್ಲಿ ಸುಮಾರು 13,000. ಬಿಸಿಯಾಗುತ್ತಿರುವ ಆರ್ಕ್ಟಿಕ್‌ನಲ್ಲಿ ಅವುಗಳ ಮೇವು ಬದಲಾಗುತ್ತಿದೆ. ಹೊಟ್ಟೆ ತುಂಬದ ತಾಯಿಗೆ ಮರಿ ಹೇಗೆ ಆದೀತು? ಇದನ್ನು ಗಟ್ಟಿಯಾಗಿ ಹೇಳಲು ಸಾಧ್ಯವಾಗಿದ್ದು, ಹೀಗೆ ಕೂತವರು ಕಾಣದ್ದನ್ನು ಕಂಡೆವು ಅಂತ ಬರೆಯದೆ ಇದ್ದುದರಿಂದ.

ಆ ರಾತ್ರಿ ಫೋನಿನಲ್ಲಿ ಅಮ್ಮ ಕೇಳಿದಳು, "ಮರಿ ಸಿಕ್ತಾ?" ನಡೆದದ್ದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೀಬೇಡ ಬಿಡು. ಆದ್ರೆ ಇತ್ತು ಅಂತ್ಲೇ ಅನ್ಕೊಳ್ತೀನಿ ನಾನು" ಅಂದಳು.

ನಾನೂ ಹಾಗೇ ಅಂದುಕೊಂಡಿದ್ದೇನೆ. ಪುಸ್ತಕದಲ್ಲಿ ಮಾತ್ರ ಸೊನ್ನೆ ಇದೆ.